ಸಿಲ್ಲೋಡಿನ ಅಡಿಕೆ

ಪ್ರಭಾಕರನಿಗೆ ಹಾಡಲು ಬರುತ್ತಿರಲಿಲ್ಲ, ಬಾರಿಸಲು ಬರುತ್ತಿರಲಿಲ್ಲ, ಕುಣಿಯುವ ಮಾತಂತೂ ಎತ್ತುವುದೇ ಬೇಡ. ಹೀಗಾಗಿ ಅವನನ್ನು ಮ್ಯಾನೇಜರ್ ಮಾಡಿದರು. ಉಳಿದ ಮೂವರಿಗೆ ಒಂದೊಂದು ವಿದ್ಯೆ ಇತ್ತು. ಇವನ ಹತ್ತಿರ ಇದ್ದದ್ದು ಒಂದು ಹಳೆಯ ಬೈಕು, ಒಂದು ಮೊಬೈಲು ಮತ್ತು ಹೇಳಿದ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುವ ದುಶ್ಚಟ. 2003ನೇ ಇಸವಿಯ ನಾಶಿಕದಲ್ಲಿ ಒಂದು ಪಾಪ್ ತಂಡ ನಡೆಸಲು ಇಷ್ಟು ಧಾರಾಳವಾಗಿ ಸಾಕಾಗುತ್ತಿತ್ತು.

ಹೊಟ್ಟೆಪಾಡಿಗೆ ಅವನು ಅಂಬಡ್ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಸ್ವಿಚ್ಚು ಮಾಡುವ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದ. ಆ ಹೆಸರು ಕೇಳಿ ಊರ ಕಡೆಯ ನೆಂಟರು ಪೊಲೀಸನೆಂದುಕೊಂಡು ಎದ್ದು ನಿಲ್ಲುತ್ತಿದ್ದುದುಂಟು. ಕೆಲಸ ನೋಡಿದ್ದರೆ ಮತ್ತೆ ಕೂತುಬಿಡುತ್ತಿದ್ದರು. ಟ್ರೇ ತುಂಬ ಹಿತ್ತಾಳೆಯ ಬಿಲ್ಲೆ ಬರುತ್ತವೆ; ಒಂದೊಂದನ್ನೇ ಗೇಜಿನಲ್ಲಿ ತೂರಿಸಿ ನೋಡಬೇಕು. ತೂರಿದರೆ ಹಸಿರು ಚೀಟಿ, ತೂರದಿದ್ದರೆ ಕೆಂಪು ಚೀಟಿ. ದಿನಕ್ಕೆ ಎರಡು ಸಾವಿರ ಬಿಲ್ಲೆ.

"ಎಂಟು ತಾಸು ಮಂದಿ ತಪ್ಪು ಹುಡುಕೂದಕ್ಕ ಪಗಾರ ಕೊಡ್ತಾರ ಇವಗ," ಎಂದು ಅವನ ಅವ್ವ ಗಿರಿಜಮ್ಮ ಓಣಿಯ ಹೆಂಗಸರಿಗೆ ಹೇಳುತ್ತಿದ್ದಳು. "ನಾ ಮೂವತ್ತು ವರ್ಷ ಪುಕ್ಕಟ ಮಾಡೀನಿ."

ಅಪ್ಪ ವಿಶ್ವನಾಥಪ್ಪ ಗದಗ ಜಿಲ್ಲೆಯ ರೋಣದವರು. ಓಝರಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಫಿಟ್ಟರ್ ಆಗಿ ದುಡಿದು, 2005ರಲ್ಲಿ ನಿವೃತ್ತರಾಗಿ, ನಾಶಿಕದ ಸಿಡ್ಕೋ ವಸಾಹತಿನ ಎರಡು ಖೋಲಿಯ ಮನೆಗೆ ಬಂದಿದ್ದರು. ಅವರಿಗಿದ್ದದ್ದು ಎರಡೇ ಹವ್ಯಾಸ: ಮನೆಗೆ ಬಂದವರನ್ನು ಚಹಾ ಕುಡಿಸದೆ ಬಿಡದಿರುವುದು, ಊಟವಾದ ಮೇಲೆ ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸಿ ಎಲೆ ಹಾಕಿಕೊಳ್ಳುವುದು. ಈ ಎರಡು ನಿರುಪದ್ರವಿ ಹವ್ಯಾಸಗಳು ಕೂಡಿ ಮಗನ ಬಾಳನ್ನು ಹೇಗೆ ಎತ್ತಿ ಒಗೆದವೆಂಬುದೇ ಈ ಕತೆ.

ತಂಡದ ಹೆಸರು 'ಥರ್ಡ್ ಶಿಫ್ಟ್'. ಹಾಡುವವನು ತನ್ಮಯ, ಅವನು ಚಿಕ್ಕವನಿದ್ದಾಗಲೇ ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯ ಮಗ. ಅವನ ಅಪ್ಪನಿಗೆ ಮತ್ತೆ ವರ್ಗವಾಗಿ ಮನೆಯವರೆಲ್ಲ ಹೊರಟುಹೋದಾಗ, ಕಾಲೇಜಿನ ನೆಪ ಹೇಳಿ ಇವನೊಬ್ಬ ನಾಶಿಕದಲ್ಲೇ ಉಳಿದ. ಎರಡು ವರ್ಷ ರಾತ್ರಿಯೂಟ ಪ್ರಭಾಕರನ ಮನೆಯಲ್ಲೇ. ಗಿರಿಜಮ್ಮ ಕನ್ನಡದಲ್ಲಿ "ಇನ್ನೊಂದು ರೊಟ್ಟಿ ಹಾಕ್ಲೇನೋ?" ಎಂದು ಕೇಳಿದರೆ ಅವನು ಮರಾಠಿಯಲ್ಲಿ "ನಕೋ ಕಾಕೂ" ಎಂದು ಬೇಡವೆನ್ನುತ್ತ, ತಟ್ಟೆ ಮಾತ್ರ ಮುಂದೆ ಚಾಚುತ್ತಿದ್ದ. ಕೀಬೋರ್ಡು ನುಡಿಸುವವನು ಜಯಂತ್, ನಾಶಿಕದವನೇ, ಬುದ್ಧಿವಂತ. ಡ್ರಮ್ ಬಾರಿಸುವವನು ಗೋವಿಂದ, ಚಾಂದವಡದ ಈರುಳ್ಳಿ ವ್ಯಾಪಾರಿಯ ಮಗ. ಸಿಟ್ಟು ಬಂದರೆ ಡ್ರಮ್ಮಿನ ಮೇಲೆ ತೀರಿಸಿಕೊಳ್ಳುತ್ತಿದ್ದುದರಿಂದ ಎಲ್ಲರಿಗೂ ಬೇಕಾದವನು.

ಮೊದಲ ಕಾರ್ಯಕ್ರಮ ಓಝರಿನ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ. ತನ್ಮಯ ಹಿಂದಿಯಲ್ಲಿ ಶುರು ಮಾಡಿ, ಮರಾಠಿಯಲ್ಲಿ ಮುಗಿಸಿ, ಕೊನೆಗೆ "ಸಿರಿಗನ್ನಡಂ" ಎಂದು ಕೂಗಿ ಮುಂದಿನದು ಬಾರದೆ ಮೈಕು ಕೆಳಗಿಟ್ಟ. ಸಂಘದ ಅಧ್ಯಕ್ಷರು ಪ್ರಭಾಕರನನ್ನು ಪಕ್ಕಕ್ಕೆ ಕರೆದು, "ಇವಕ್ಕೆಲ್ಲ ನೀವೇನ್ರಿ ಮ್ಯಾನೇಜರ್?" ಎಂದು ಕೇಳಿದರು. ಅವನನ್ನು ಆ ಹೆಸರಿನಿಂದ ಮೊದಲು ಕರೆದವರು ಅವರೇ. ಬೈಗುಳವಾದರೂ ಅವನಿಗೆ ಮೈ ಜುಮ್ಮೆಂದಿತು.

ಅಂದಿನಿಂದ ಅವನು ತಂಡವನ್ನು ಕಾರ್ಖಾನೆ ನಡೆಸಿದಂತೆ ನಡೆಸಿದ. ಹಾಜರಿ ಪುಸ್ತಕ ಇಟ್ಟ. ತಾಲೀಮಿಗೆ ಹತ್ತು ನಿಮಿಷ ತಡವಾಗಿ ಬಂದವನ ಹೆಸರಿನ ಮುಂದೆ ಕೆಂಪು ಚೀಟಿ ಅಂಟಿಸಿದ. ಎಲ್ಲಕ್ಕಿಂತ ದೊಡ್ಡದು ತಾರೀಖಿನ ರಜಿಸ್ಟರು: ಯಾವ ದಿನ ಯಾವ ಊರು, ಯಾರಿಂದ ಸುಪಾರಿ ಬಂತು, ಎಷ್ಟು ಹೊತ್ತಿಗೆ ವೇದಿಕೆ.

ಸುಪಾರಿ ಎಂದರೆ ಅಡಿಕೆಯೇ. ಆ ಕಡೆ ತಮಾಷಾ ಆಟದವರಿಂದ ಹಿಡಿದು ಆರ್ಕೆಸ್ಟ್ರಾದವರ ತನಕ ಎಲ್ಲರ ಪದ್ಧತಿ ಒಂದೇ. ಕಾರ್ಯಕ್ರಮ ಬೇಕಾದವನು ಬಂದು ಒಂದು ತೆಂಗಿನಕಾಯಿ, ಅರಿಶಿನ ಕುಂಕುಮ ಹಚ್ಚಿದ ಒಂದು ಇಡೀ ಅಡಿಕೆ ಕೈಯಲ್ಲಿಟ್ಟು ತಾರೀಖು ಹೇಳುತ್ತಾನೆ. ಕೈಯೊಡ್ಡಿ ತೆಗೆದುಕೊಂಡರೆ ಮುಗಿಯಿತು, ಆ ದಿನ ಅವನದು. ಕಾಗದವಿಲ್ಲ, ಸಹಿಯಿಲ್ಲ. ಅಡಿಕೆ ತೆಗೆದುಕೊಂಡು ಹೋಗದಿದ್ದವನಿಗೆ ಆಮೇಲೆ ಖಾನದೇಶದಿಂದ ಮರಾಠವಾಡದವರೆಗೆ ಯಾವ ಊರೂ ಅಡಿಕೆ ಕೊಡುವುದಿಲ್ಲ. ನಾಲ್ಕು ವರ್ಷದಲ್ಲಿ ಪ್ರಭಾಕರ ಒಂದೇ ಒಂದು ಸುಪಾರಿ ಮುರಿದಿರಲಿಲ್ಲ. ಗೋವಿಂದನಿಗೆ ಕಾಮಾಲೆಯಾದಾಗಲೂ ಚಾಂದವಡದಲ್ಲಿ ಅವನನ್ನು ಕುರ್ಚಿಗೆ ಒರಗಿಸಿ ಕೂರಿಸಿ ಬಾರಿಸಿದ್ದರು. ಹಳದಿ ದೀಪ ಹಾಕಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

2006ರಲ್ಲಿ ಅವರ ಒಂದು ಹಾಡು ಹಿಡಿಯಿತು. ಮೊದಲು ಊರಿನ ಕೇಬಲ್ ಚಾನೆಲ್ಲಿನಲ್ಲಿ, ಆಮೇಲೆ ರಿಕ್ಷಾಗಳಲ್ಲಿ, ಕೊನೆಗೆ ಮೊಬೈಲುಗಳಲ್ಲಿ. ಅಂಬಡಿನ ಕ್ಯಾಂಟೀನಿನಲ್ಲಿ ಪ್ರಭಾಕರ ಚಹಾ ಕುಡಿಯುತ್ತಿದ್ದಾಗ ಸುಪರ್‌ವೈಸರನ ಜೇಬಿನಲ್ಲಿ ಅದೇ ಹಾಡು ಮೊಳಗಿತು. "ಇದು ನಮ್ಮದು ಸಾಹೇಬ್," ಅಂದ ಪ್ರಭಾಕರ. ಸುಪರ್‌ವೈಸರು ಅವನನ್ನು ಮೇಲಿಂದ ಕೆಳಗೆ ನೋಡಿ, "ಹಾಡೋದು ನೀನಾ?" ಅಂದ. "ಇಲ್ಲ." "ಬಾರಿಸೋದು?" "ಇಲ್ಲ." "ಹಾಗಾದರೆ ಚಹಾ ಕುಡಿ."

ಮರುವರ್ಷ ಮುಂಬಯಿಯ ಒಂದು ಸಂಗೀತ ಕಂಪನಿ ಇವರನ್ನು ಹುಡುಕಿಕೊಂಡು ಬಂತು. ನಿರುಪಮಾ ಎಂಬ ಅಧಿಕಾರಿ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದಳು. ನವೆಂಬರ್ 25, ಭಾನುವಾರ, ಔರಂಗಾಬಾದಿನ ದೊಡ್ಡ ಮೈದಾನದಲ್ಲಿ ಅವರ ಕಂಪನಿಯದೇ ಕಾರ್ಯಕ್ರಮ. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಆ ಊರಿಗೆ ಆಗ ಔರಂಗಾಬಾದ್ ಎಂದೇ ಹೆಸರು. ಐದಕ್ಕೆ ಶುರು, ಏಳಕ್ಕೆ ಮುಕ್ತಾಯ. ಚೆನ್ನಾಗಿ ಹಾಡಿದರೆ ವೇದಿಕೆಯ ಹಿಂದೆಯೇ ಮೂರು ವರ್ಷದ ಕರಾರು. ಏಳೂವರೆಗೆ ತಾನು ವಿಮಾನಕ್ಕೆ ಹೊರಡಬೇಕು. "ಮ್ಯಾನೇಜರ್ ಅಂತ ಯಾರ ಸಹಿ ಬೀಳುತ್ತದೋ ಅವರೊಬ್ಬರ ಜೊತೆಗೇ ನಮ್ಮ ವ್ಯವಹಾರ. ಅವರು ಬೇರೆ ನೌಕರಿಯಲ್ಲಿ ಇರಬಾರದು. ನೀವು ಇದ್ದೀರಲ್ಲ, ನೌಕರಿ ಬಿಡ್ತೀರಲ್ಲ?"

ಪ್ರಭಾಕರ ಅವತ್ತೇ ರಾಜೀನಾಮೆ ಬರೆದ. ಮೂರು ಸಾಲಿನ ಆ ಕಾಗದವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟ. ಸೋಮವಾರ ಬೆಳಿಗ್ಗೆ ಸುಪರ್‌ವೈಸರನ ಕೈಗೆ ಕೊಡುವಾಗ ಏನು ಮಾತಾಡಬೇಕೆಂಬುದನ್ನೂ ಬೈಕಿನ ಕನ್ನಡಿಯ ಮುಂದೆ ಮೂರು ಸಲ ತಾಲೀಮು ಮಾಡಿದ. ಇಪ್ಪತ್ತಾರು ವರ್ಷಕ್ಕೆ ಅವನಿಗೆ ಬೇಕಾಗಿದ್ದದ್ದು ಅದೊಂದೇ: ಕಾಗದದ ಮೇಲೆ ಮ್ಯಾನೇಜರ್ ಎಂಬ ಅಚ್ಚಾದ ಪದ, ಅದರ ಕೆಳಗೆ ತನ್ನ ಸಹಿ. ಉಳಿದ ಮೂವರ ಹೆಸರನ್ನು ಊರೆಲ್ಲ ಬಲ್ಲದು. ಇವನದು ಒಂದು ಕಡೆಯಾದರೂ ಬರೆದಿರಬೇಕಲ್ಲ.

ನವೆಂಬರ್ 23ರ ಮಧ್ಯಾಹ್ನ ಫೋನು ಬಂತು.

"ಮ್ಯಾನೇಜರ್ ಸಾಹೇಬ್, ಸಿಲ್ಲೋಡಿನಿಂದ ಕಡೂಬಾ ಮಾತಾಡ್ತಿದ್ದೀನಿ," ಎಂದಿತು ಮರಾಠಿಯಲ್ಲಿ ಒಂದು ದಪ್ಪ ಧ್ವನಿ. "ಮಂಟಪ ಹಾಕಿ ಆಯ್ತು. ನಿಮ್ಮ ಹುಡುಗರು ಮಟನ್ ತಿನ್ನುತ್ತಾರಾ, ಅಥವಾ ಬೇರೆ ಅಡುಗೆ ಮಾಡಿಸಲಾ?"

"ಯಾವ ಮಂಟಪ?"

"ಅರೇ, ನಮ್ಮ ಹತ್ತಿ ಜಿನ್ನಿನ ಮುಹೂರ್ತ. ಪಂಚವೀಸ್ ತಾರೀಖು, ನಾಡಿದ್ದು ಸಂಜೆ ಐದಕ್ಕೆ. ಗಣಪತಿ ಕೂರುವ ಮುಂಚೆ ನಿಮ್ಮ ಮನೆಗೆ ಬಂದು ಸುಪಾರಿ ಕೊಟ್ಟೆನಲ್ಲ. ನಿಮ್ಮ ತಂದೆಯವರೇ ತಗೊಂಡರು. ಕಣ್ಣಿಗೆ ಒತ್ತಿಕೊಂಡು ತಗೊಂಡರು! ಅಂಥ ಸಂಸ್ಕಾರ ಈಗ ಎಲ್ಲಿದೆ?"

ಪ್ರಭಾಕರನ ಕಿವಿಯಲ್ಲಿ ಪ್ರೆಸ್ ಶಾಪಿನ ಎಲ್ಲ ಯಂತ್ರಗಳೂ ಒಟ್ಟಿಗೆ ಶುರುವಾದವು. ಅವನಿಗೆ ಈಗ ನೆನಪಾಯಿತು. ಸೆಪ್ಟೆಂಬರಿನ ಒಂದು ಸಂಜೆ ಅವನು ಶಿಫ್ಟು ಮುಗಿಸಿ ಬಂದು, ಒಂದು ಕಿವಿಗೆ ಫೋನು ಹಚ್ಚಿಕೊಂಡು ಲೈಟಿನವನ ಜೊತೆ ಜಗಳವಾಡುತ್ತಿದ್ದಾಗ ಅಪ್ಪ ಏನೋ ಹೇಳಿದ್ದರು. "ಸಿಲ್ಲೋಡದಿಂದ ಒಬ್ರು ಬಂದಿದ್ರಪಾ. ಹತ್ತಿ ಮುಹೂರ್ತ ಐತಂತ. ಕಾಯಿ ಅಡಿಕಿ ಕೊಟ್ಟು, ಎಲ್ಲಾರೂ ಬರ್ರಿ ಅಂತ ಕರದು ಹ್ವಾದ್ರು. ಭಾಳ ಚಲೋ ಮನಷ್ಯಾ." ಮಗ "ಹೂಂ" ಅಂದಿದ್ದ. ಗದಗಿನವರ ಲೆಕ್ಕದಲ್ಲಿ ಮನೆ ಬಾಗಿಲಿಗೆ ಬಂದು ಕಾಯಿ, ಅಡಿಕೆ ಕೊಟ್ಟರೆ ಅದು ಕರೆಯ, ಬರೀ ಆಮಂತ್ರಣ. ಕರೆಯವನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳಬೇಕು. ಹೋಗುವುದು ಬಿಡುವುದು ಆಮೇಲಿನ ಮಾತು. ಬೇಡವೆಂದರೆ ಅಶುಭ. ವಿಶ್ವನಾಥಪ್ಪನವರು ಅವರ ಊರಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದ್ದರು. ಎಲ್ಲವನ್ನೂ ರಜಿಸ್ಟರಿನಲ್ಲಿ ಬರೆಯುವ ಮಹಾಶಯ ಮಾತ್ರ ಆ ಸಂಜೆ ಹೂಂ ಅಂದದ್ದನ್ನು ಬರೆದುಕೊಂಡಿರಲಿಲ್ಲ.

ಮನೆಗೆ ಹೋಗಿ, ಧ್ವನಿಯನ್ನು ಆದಷ್ಟು ಸಡಿಲ ಬಿಟ್ಟು ಕೇಳಿದ. "ಅಪ್ಪಾ, ಆ ಸಿಲ್ಲೋಡದವ್ರು ಕೊಟ್ಟಿದ್ರಲ್ಲ ಅಡಿಕಿ, ಎಲ್ಲೈತ್ರಿ?"

"ತಿಂದೆ."

"ತಿಂದ್ರಿ?"

"ಮತ್ತೇನ್ ಮಾಡೂದು, ಬೂಸ್ಟು ಹಿಡಿಸೂದೇನು? ಚಲೋ ಗಟ್ಟಿ ಅಡಿಕಿ ಇತ್ತು. ಮೂರು ದಿನ ಬಂತು."

"ಕಾಯಿ?"

ಗಿರಿಜಮ್ಮ ಒಳಗಿನಿಂದ ಹೇಳಿದಳು. "ಚಟ್ನಿ ಮಾಡಿದ್ನೆಲ್ಲೋ. ನೀನೂ ತಿಂದಿ. ಉಪ್ಪು ಕಡಿಮಿ ಅಂದಿ."

ಪ್ರಭಾಕರ ಅಪ್ಪನಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಆ ಮನುಷ್ಯ ಅವತ್ತೇ ಸಿಲ್ಲೋಡಿಗೆ ಹೊರಟು, ಕಡೂಬಾನ ಕಾಲಿಗೆ ಬೀಳುತ್ತಿದ್ದರು. ಮೂವತ್ತೆರಡು ವರ್ಷ ವಿಮಾನದ ರೆಕ್ಕೆಗೆ ರಿವೆಟ್ ಹೊಡೆದು, ಒಂದೂ ಸಡಿಲವಾಗಲಿಲ್ಲವೆಂಬ ಒಂದೇ ಹೆಮ್ಮೆಯಲ್ಲಿ ನಿವೃತ್ತರಾದವರು ಅವರು.

ತಾಲೀಮಿನ ಖೋಲಿಯಲ್ಲಿ ವಿಷಯ ತಿಳಿಸಿದಾಗ ಜಯಂತ್ ಮೊದಲು ನಂಬಲಿಲ್ಲ, ಆಮೇಲೆ ನಕ್ಕ.

"ಸುಪಾರಿ ಖಾಲ್ಲೀ?" ಅಂದ. "ಅಡಿಕೆ ತಿಂದುಬಿಟ್ಟರಾ ಕಾಕಾ? ಹಾಗಾದರೆ ಕಾಕಾ ಅವರನ್ನೇ ಕಳಿಸು. ಭಜನೆ ಹಾಡಿ ಬರಲಿ."

"ತಮಾಷೆ ಸಾಕು ಜಯ್."

"ತಮಾಷೆ ನೀನು ಮಾಡ್ತಿರೋದು ಪ್ರಭ್ಯಾ. ಮುಂಬಯಿ ಕಂಪನಿ ಒಂದು ಕಡೆ, ಹತ್ತಿ ಗೋದಾಮು ಒಂದು ಕಡೆ. ಫೋನ್ ಬಂದ್ ಮಾಡಿ ಮಲಕ್ಕೋ."

ಫೋನ್ ಬಂದ್ ಮಾಡುವ ಹಾಗಿರಲಿಲ್ಲ. ಕಡೂಬಾ ಅವತ್ತೇ ಇನ್ನೊಂದು ಮಾತು ಹೇಳಿದ್ದ, ಸಿಟ್ಟಿಲ್ಲದೆ, ಬಹಳ ಮೆತ್ತಗೆ. "ಬರಲಿಕ್ಕಾಗಲ್ಲ ಅಂದರೆ ಪರವಾಗಿಲ್ಲ. ನಾನೇ ಜೀಪು ತುಂಬ ಜನ ಕರಕೊಂಡು ನಾಶಿಕಕ್ಕೆ ಬರ್ತೀನಿ. ನಿಮ್ಮ ತಂದೆಯವರಿಗೆ ಒಂದೇ ಪ್ರಶ್ನೆ ಕೇಳ್ತೀನಿ: ಅಡಿಕೆ ತಗೊಂಡವರು ಯಾರು ಅಂತ."

ತನ್ಮಯ ಇವನ ಮುಖ ನೋಡಿದ. ಅಪರೂಪಕ್ಕೆ ಕನ್ನಡದಲ್ಲೇ ಬಾಯಿ ತೆರೆದ. "ನೀ... ನೀ ಏನ್ ಮಾಡ್ತಿ ಈಗ?"

"ನಾಳೆ ರಜೆ ಸಿಗಲ್ಲ. ಭಾನುವಾರ ಬೆಳಿಗ್ಗೆ ನಾನೊಬ್ಬನೇ ಸಿಲ್ಲೋಡಿಗೆ ಹೋಗಿ ಮಾಫಿ ಕೇಳಿ, ಸುಪಾರಿ ವಾಪಸ್ ಕೊಟ್ಟು, ಮೂರು ಗಂಟೆಯೊಳಗೆ ಔರಂಗಾಬಾದಿಗೆ ಬರ್ತೀನಿ. ಅಲ್ಲಿಂದ ಅರವತ್ತೈದು ಕಿಲೋಮೀಟರು. ಬಸ್ಸಿಗೆ ಎರಡು ತಾಸು."

"ತಿಂದ ಸುಪಾರಿ ವಾಪಸ್ ಹೇಗೆ ಕೊಡ್ತೀಯಾ?" ಎಂದು ಗೋವಿಂದ ಕೇಳಿದ. ಅದು ತಮಾಷೆಯಲ್ಲ, ಅವನಿಗೆ ನಿಜಕ್ಕೂ ತಿಳಿದುಕೊಳ್ಳಬೇಕಾಗಿತ್ತು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಿಲ್ಲೋಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಪ್ರಭಾಕರ ಒಂದು ಕಿರಾಣಿ ಅಂಗಡಿಯಲ್ಲಿ ಎಲ್ಲಕ್ಕಿಂತ ದುಂಡಗಿನ ಒಂದು ಅಡಿಕೆ, ಒಂದು ತೆಂಗಿನಕಾಯಿ ಕೊಂಡ. ಅಡಿಕೆ ಆರಿಸುವಾಗ ಕೈ ತಾನಾಗಿ ಗೇಜಿಗೆ ತಡಕಾಡಿತು.

ಹತ್ತಿಯ ಬೀಜ ಬಿಡಿಸುವ ಆ ಜಿನ್ನು ಊರ ಹೊರಗಿತ್ತು. ಅಂಗಳದ ತುಂಬ ಹತ್ತಿಯ ಗಾಡಿಗಳು, ಮೆಕ್ಕೆಜೋಳದ ಟ್ರ್ಯಾಕ್ಟರುಗಳು, ಶಾಮಿಯಾನ, ಅದರ ಬಾಯಿಗೆ ಆಳೆತ್ತರದ ಫಲಕ: ನಾಶಿಕದ ಸುಪ್ರಸಿದ್ಧ ಥರ್ಡ್ ಶಿಫ್ಟ್. ಕಡೂಬಾ ಎಂದರೆ ರೌಡಿಯಂಥ ಮನುಷ್ಯನನ್ನು ಊಹಿಸಿಕೊಂಡು ಬಂದಿದ್ದವನಿಗೆ, ಬಿಳಿ ಟೋಪಿ ಹಾಕಿಕೊಂಡ, ಅಪ್ಪನ ವಯಸ್ಸಿನ, ಅಪ್ಪನಂತೆಯೇ ಬಂದವರಿಗೆಲ್ಲ ಚಹಾ ಹೇಳುವ ಮನುಷ್ಯ ಸಿಕ್ಕ. ಅದೇ ಹೆಚ್ಚು ಕಷ್ಟವಾಯಿತು.

ಪ್ರಭಾಕರ ಎಲ್ಲವನ್ನೂ ಹೇಳಿದ. ಔರಂಗಾಬಾದು, ಕಂಪನಿ, ಕರಾರು. ಕರ್ನಾಟಕದಲ್ಲಿ ಅಡಿಕೆಗೆ ಅರ್ಥ ಬೇರೆ, ಅಪ್ಪನಿಗೆ ಇದು ತಿಳಿಯದು. ಕೊನೆಗೆ ಅಡಿಕೆ ಮುಂದೆ ಚಾಚಿದ.

ಕಡೂಬಾ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ. "ಇದು ನಾನು ಕೊಟ್ಟದ್ದಲ್ಲ. ನನ್ನದಕ್ಕೆ ಅರಿಶಿನ ಇತ್ತು."

"ಅದು... ಅದನ್ನ ತಿಂದಾಯ್ತು."

ಸುತ್ತ ನಿಂತವರು ನಕ್ಕರು. ಕಡೂಬಾ ನಗಲಿಲ್ಲ. "ಪೋರಾ, ನಿನ್ನ ಕಷ್ಟ ನನಗೆ ಅರ್ಥ ಆಗುತ್ತೆ. ನನ್ನದು ನೀನು ಅರ್ಥ ಮಾಡಿಕೋ. ಹನ್ನೆರಡು ಹಳ್ಳಿಯಿಂದ ಹತ್ತಿ ತಂದವರು ಇವತ್ತು ಇಲ್ಲಿ ಬರ್ತಾರೆ, ಹಾಡು ಇದೆ ಅಂತ ನಾನು ಹೇಳಿದ್ದಕ್ಕೆ. ಕೂತುಕೋ. ಊಟ ಮಾಡು. ನಿನ್ನ ಹುಡುಗರು ಬರೋ ತನಕ ನೀನು ನನ್ನ ಅತಿಥಿ."

ಅತಿಥಿಯನ್ನು ಹತ್ತಿಯ ರಾಶಿಯ ಪಕ್ಕದ ಮಂಚದ ಮೇಲೆ ಕೂರಿಸಿದರು. ಪಕ್ಕದಲ್ಲಿ ಇಬ್ಬರು ದಾಂಡಿಗರು ಕೂತರು, ಅವರೂ ವಿನಯವಂತರೇ. ಎದ್ದರೆ, "ಏನು ಬೇಕು ಭಾವೂ, ನಾವು ತಂದುಕೊಡ್ತೀವಿ," ಅನ್ನುತ್ತಿದ್ದರು. ಬಸ್ ಸ್ಟ್ಯಾಂಡು ತಂದುಕೊಡುವ ಹಾಗಿರಲಿಲ್ಲ. ಒಂದು ಗಂಟೆಗೆ ರೊಟ್ಟಿ, ಬದನೆಕಾಯಿ ಪಲ್ಯ ಬಂತು. ಎರಡು ಗಂಟೆಗೆ ತನ್ಮಯ ಫೋನ್ ಮಾಡಿದ: "ಎಲ್ಲಿದ್ದೀ?" ಮೂರಕ್ಕೆ ಇವನು ಮಾಡಿದ, ಸೌಂಡ್ ಚೆಕ್ ನಡೆಯುತ್ತಿತ್ತು, ಏನೂ ಕೇಳಿಸಲಿಲ್ಲ. ನಾಲ್ಕಕ್ಕೆ ಜಯಂತ್ ಫೋನ್ ಎತ್ತಿಕೊಂಡು, "ಪ್ರಭ್ಯಾ, ನಿರುಪಮಾ ಮ್ಯಾಡಮ್ ಬಂದಿದ್ದಾರೆ, ಮ್ಯಾನೇಜರ್ ಎಲ್ಲಿ ಅಂತ ಕೇಳ್ತಿದ್ದಾರೆ. ಏನು ಹೇಳಲಿ?" ಅಂದ.

"ದಾರೀಲಿ ಇದ್ದಾನೆ ಅನ್ನು."

"ಯಾವ ದಾರೀಲಿ?"

ಪ್ರಭಾಕರ ಹತ್ತಿಯ ರಾಶಿಯ ಕಡೆ ನೋಡಿದ. ಅಷ್ಟರಲ್ಲಿ ಫೋನಿನ ಬ್ಯಾಟರಿ ಮುಗಿಯಿತು.

ಐದು ಗಂಟೆಗೆ ಅಂಗಳ ತುಂಬಿತು. ಐದೂವರೆಗೆ ಸೀಟಿ ಶುರುವಾಯಿತು. ಕಡೂಬಾ ಬಂದು ಎದುರು ನಿಂತ. ಅವನ ಮುಖದಲ್ಲಿ ಈಗ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಿತ್ತು. "ಬರಲಿಲ್ಲ ನಿನ್ನವರು. ಸರಿ, ಅಡಿಕೆ ನಿಮ್ಮ ಮನೆಯಲ್ಲಿ ತಿಂದದ್ದು. ನೀನು ಹಾಡು."

"ನನಗೆ ಹಾಡೋಕೆ ಬರಲ್ಲ ಕಾಕಾ."

"ನನಗೆ ಜನಕ್ಕೆ ಸುಳ್ಳು ಹೇಳೋಕೆ ಬರಲ್ಲ."

ಹೀಗೆ ಪ್ರಭಾಕರ ತನ್ನ ಬಾಳಿನಲ್ಲಿ ಒಂದೇ ಒಂದು ಸಲ ವೇದಿಕೆ ಹತ್ತಿದ. ರಿಕ್ಷಾಗಳಲ್ಲಿ ಓಡಾಡಿದ ಆ ಹಾಡನ್ನೇ ಎತ್ತಿಕೊಂಡ. ಸಾವಿರ ಸಲ ಕೇಳಿದ್ದ ಹಾಡು. ಬಾಯಿಂದ ಹೊರಬಿದ್ದದ್ದು ಬೇರೇನೋ. ಗೇಜಿನಲ್ಲಿ ತೂರದ ಧ್ವನಿ. ಮೊದಲ ಸಾಲಿಗೆ ಜನ ನಕ್ಕರು, ಎರಡನೆಯದಕ್ಕೆ ಕೂಗಿದರು, ಮೂರನೆಯದಕ್ಕೆ ಹತ್ತಿ ಎಸೆಯತೊಡಗಿದರು. ಹತ್ತಿಯಲ್ಲಿ ಹೊಡೆದರೆ ನೋವಾಗುವುದಿಲ್ಲ. ಅದೇ ಅದರ ಕೆಟ್ಟತನ, ಕೆಳಗೆ ಬೀಳಲೂ ನೆಪ ಸಿಗುವುದಿಲ್ಲ. ಕೂದಲಲ್ಲಿ, ಮೀಸೆಯಲ್ಲಿ ಹತ್ತಿ ಸಿಕ್ಕಿಸಿಕೊಂಡು ಅವನು ಕೊನೆಯ ಸಾಲಿನವರೆಗೂ ಹಾಡಿದ.

ಕಡೂಬಾ ಮೇಲೆ ಬಂದು ಅವನ ಹೆಗಲ ಮೇಲಿನ ಹತ್ತಿ ಕೊಡವಿದ. "ಸುಪಾರಿ ಫಿಟಲೀ," ಅಂದ. "ಋಣ ಹರಿಯಿತು. ಹೋಗು ಪೋರಾ. ಜೀಪಿನಲ್ಲಿ ಬಿಟ್ಟು ಬರ್ತಾರೆ."

ಜೀಪು ಮೈದಾನದ ಬಾಗಿಲಿಗೆ ಬಂದಾಗ ಎಂಟು ದಾಟಿತ್ತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ವೇದಿಕೆಯ ಹಿಂದೆ ಮೂವರೂ ಇದ್ದರು, ಗೋವಿಂದ ಅವನನ್ನು ತಬ್ಬಿಕೊಂಡು ಮೇಲೆತ್ತಿದ, "ಆಯ್ತು! ಸಹಿ ಆಯ್ತು!" ಎಂದು ಕೂಗಿದ. ಆಮೇಲೆ ಏನೋ ನೆನಪಾಗಿ ನಿಧಾನಕ್ಕೆ ಕೆಳಗಿಟ್ಟ.

"ಆಕೆಗೆ ವಿಮಾನ ಇತ್ತು ಪ್ರಭ್ಯಾ," ಅಂದ ಜಯಂತ್. "ಮ್ಯಾನೇಜರ್ ಇಲ್ಲದಿದ್ದರೆ ಕಾಗದ ವಾಪಸ್ ಒಯ್ತೀನಿ ಅಂದಳು. ಯಾರಾದರೂ ಒಬ್ಬರು ಮಾಡಬೇಕಿತ್ತು. ನಾನು ಮಾಡಿದೆ. ಆಮೇಲೆ ಬದಲಾಯಿಸಿದರಾಯ್ತು."

ತನ್ಮಯ ಕೆಳಗೆ ನೋಡುತ್ತಿದ್ದ. "ನಿನ್ನ ತಲೇಲಿ ಏನಿದು?" ಎಂದು ಕೇಳಿದ.

"ಹತ್ತಿ."

ಆಮೇಲೆ ಬದಲಾಯಿಸಲಿಲ್ಲ. ಯಾರೂ ಬದಲಾಯಿಸುವುದಿಲ್ಲವೆಂಬುದು ಪ್ರಭಾಕರನಿಗೆ ಆ ಹೊತ್ತಿಗೇ ಗೊತ್ತಿತ್ತು. ಒಂದು ಸಲ ಹಸಿರು ಚೀಟಿ ಬಿದ್ದ ಟ್ರೇಯನ್ನು ಮತ್ತೆ ಯಾರು ತೆರೆಯುತ್ತಾರೆ? ಹೊಸ ವರ್ಷಕ್ಕೆ ಮೂವರೂ ಮುಂಬಯಿಗೆ ಹೋದರು. ಮೊದಲು ವಾರಕ್ಕೊಮ್ಮೆ ಫೋನು ಬರುತ್ತಿತ್ತು, ಆಮೇಲೆ ಹಬ್ಬಕ್ಕೆ, ಆಮೇಲೆ ಟಿವಿಯಲ್ಲಿ ನೋಡುವುದಾಯಿತು. ಆ ಸೋಮವಾರ ಅವನು ಮೊದಲನೇ ಶಿಫ್ಟಿಗೆ ಸರಿಯಾದ ಹೊತ್ತಿಗೆ ಹೋಗಿ ಬಿಲ್ಲೆ ನೋಡತೊಡಗಿದ. ರಾಜೀನಾಮೆ ಜೇಬಿನಲ್ಲೇ ಇತ್ತು. ಬುಧವಾರ ಗಿರಿಜಮ್ಮ ಅಂಗಿಯ ಜೊತೆಗೆ ಅದನ್ನೂ ಒಗೆದಳು.

ಅಪ್ಪ ಕೇಳಿದಾಗ, "ನಾನೇ ಬಿಟ್ಟೆ," ಎಂದು ಹೇಳಿದ. "ಮುಂಬಯಿ ಯಾರಿಗೆ ಬೇಕ್ರಿ. ಪರ್ಮನೆಂಟ್ ನೌಕರಿ ಬಿಟ್ಟು ಹೋಗೂದು ಶಾಣ್ಯಾತನ ಅಲ್ಲ."

ವಿಶ್ವನಾಥಪ್ಪನವರಿಗೆ ಎಷ್ಟು ಸಂತೋಷವಾಯಿತೆಂದರೆ, ಓಝರಿನ ಹಳೆಯ ಗೆಳೆಯರಿಗೆಲ್ಲ ಹೇಳಿಕೊಂಡು ಬಂದರು. "ನನ್ನ ಮಗ ಅಂಥಾ ಮ್ಯಾನೇಜರಕಿ ಒದ್ದು ಬಂದಾನ್ರಿ. ತಲಿ ಸರಿ ಐತಿ ಅವಂದು." ಆ ಸುಳ್ಳು ಪ್ರಭಾಕರನಿಗೆ ಉಳಿದ ಒಂದೇ ಆಸ್ತಿಯಾಯಿತು. ಟಿವಿಯಲ್ಲಿ ಜಯಂತನ ಹೆಸರಿನ ಮುಂದೆ ಮ್ಯಾನೇಜರ್ ಎಂದು ಬಂದಾಗ ಅಪ್ಪ ತಿರುಗಿ ಮಗನನ್ನು ಹೆಮ್ಮೆಯಿಂದ ನೋಡುವರು. ಮಗ ಎದ್ದು ನೀರು ಕುಡಿಯಲು ಒಳಗೆ ಹೋಗುವನು. ಐದು ವರ್ಷದಲ್ಲಿ ಅವನು ಕುಡಿದ ನೀರಿನಲ್ಲಿ ಒಂದು ಎಕರೆ ದ್ರಾಕ್ಷಿ ಬೆಳೆಯಬಹುದಾಗಿತ್ತು.

2012ರಲ್ಲಿ ಅವನ ಮದುವೆ ಗೊತ್ತಾಯಿತು. ಬೀದರಿನಿಂದ ವರ್ಗವಾಗಿ ಬಂದು ಔರಂಗಾಬಾದಿನ ಬ್ಯಾಂಕಿನಲ್ಲಿದ್ದ ಮನ್ಮಥಪ್ಪನವರ ಮಗಳು ಅಲಕಾ. ಕರೆಯೋಲೆ ಅಚ್ಚಾಗಿ ಬಂದ ವಾರವೇ ಥರ್ಡ್ ಶಿಫ್ಟ್ ನಾಶಿಕಕ್ಕೆ ಬಂತು. ಊರ ತುಂಬ ಅವರ ಫಲಕ.

"ತನ್ಮಯಗ ಕರೀಬೇಕು," ಅಂದರು ಅಪ್ಪ. "ಎರಡು ವರ್ಷ ಈ ಮನ್ಯಾಗ ಉಂಡಾನ."

"ಬ್ಯಾಡ್ರಿ ಅಪ್ಪಾ. ಅವ್ರು ಈಗ ದೊಡ್ಡ ಮಂದಿ. ನಾ ಫೋನ್ ಮಾಡ್ತೀನಿ."

"ಫೋನಿನ್ಯಾಗ ಕರದ್ರ ಕರದಂಗೇನು?"

ಮರುದಿನ ಮಗ ಶಿಫ್ಟಿನಲ್ಲಿದ್ದಾಗ ಅವರು ಇಸ್ತ್ರಿ ಮಾಡಿದ ಧೋತ್ರ ಉಟ್ಟು, ಕರೆಯೋಲೆ, ಕಾಯಿ, ಅರಿಶಿನ ಕುಂಕುಮ ಹಚ್ಚಿದ ಅಡಿಕೆ ಒಂದು ಚೀಲದಲ್ಲಿಟ್ಟುಕೊಂಡು, ಸಿಟಿ ಬಸ್ಸು ಹಿಡಿದು ಅವರಿದ್ದ ಹೊಟೇಲಿಗೆ ಹೋದರು.

ಸಂಜೆ ಪ್ರಭಾಕರ ಮನೆಗೆ ಬಂದಾಗ ಅಪ್ಪ ಚಾಪೆಯ ಮೇಲೆ ಕೂತಿದ್ದರು. ಮುಂದೆ ಅಡಕೊತ್ತು ಇತ್ತು, ಪಕ್ಕದಲ್ಲಿ ಇಡಿಯಾಗಿ ಆ ಅಡಿಕೆ ಇತ್ತು. ಅವ್ವ ಒಲೆಯ ಹತ್ತಿರ ನಿಂತು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು.

"ತನ್ಮಯ ಮ್ಯಾಲಿದ್ದ, ಮಲಗಿದ್ದನಂತ," ಅಂದರು ಅಪ್ಪ. "ಜಯಂತ್ ಕೆಳಗ ಬಂದ. ಕಾಲು ಮುಟ್ಟಿ ನಮಸ್ಕಾರ ಮಾಡಿದ. ಚಲೋ ಹುಡುಗ. ಕಾರ್ಡ್ ಇಟ್ಕೊಂಡ. ಅಡಿಕಿ ವಾಪಸ್ ಕೊಟ್ಟ."

ಪ್ರಭಾಕರ ಚಪ್ಪಲಿ ಬಿಡುವುದನ್ನು ಮರೆತು ಬಾಗಿಲಲ್ಲೇ ನಿಂತ.

"'ಕಾಕಾ, ಇದು ತಗೊಂಡ್ರ ಆ ತಾರೀಖು ಕೊಟ್ಟಂಗ ಆಗ್ತದ. ನಮಗ ಅವತ್ತು ಪುಣೆದಾಗ ಪ್ರೋಗ್ರಾಮ್ ಐತಿ' ಅಂದ. ನಾ ಅಂದೆ, ಇದು ಕರೆಯ ಐತಪಾ, ಪ್ರೋಗ್ರಾಮ್ ಅಲ್ಲ. ಅವ ನಕ್ಕ. 'ನಿಮಗ ಇನ್ನೂ ಗೊತ್ತಾಗಿಲ್ಲೇನು ಕಾಕಾ? ಸಿಲ್ಲೋಡದ ಸುಪಾರಿ ತಿಂದವ್ರು ನೀವ ಅಲ್ಲೇನು' ಅಂದ. ಎಲ್ಲಾ ಹೇಳಿದ. ನಕ್ಕೋಂತ ಹೇಳಿದ. ಅವಗೇನು ಗೊತ್ತು, ನನಗ ಗೊತ್ತಿಲ್ಲಂತ."

"ಅವ ಏನರ ಹೇಳ್ತಾನ ಅಪ್ಪಾ. ಅದು ಕರೆಯನ ಇತ್ತು. ನಾನ ಬಿಟ್ಟು ಬಂದೆ."

"ಹತ್ತಿ ಒಗದ್ರಂತ ನಿನ್ನ ಮ್ಯಾಲ."

ಐದು ವರ್ಷ ಒಂದೇ ಸುಳ್ಳಿನ ಮೇಲೆ ಬದುಕಿದವನಿಗೆ ಎರಡನೆಯದರ ಅಭ್ಯಾಸವಿರಲಿಲ್ಲ.

"ಮೂರು ದಿನ ತಿಂದೆ ಅದನ್ನ," ಅಂದರು ಅಪ್ಪ. "ಗಟ್ಟಿ ಐತಿ, ಚಲೋ ಐತಿ ಅಂತ ನಿನ್ನ ಮುಂದ ಹೇಳಿದೆ." ಅಡಕೊತ್ತನ್ನು ಮಡಚಿ, ಬಟ್ಟೆಯಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ ಇಟ್ಟರು. ಆ ಮೇಲೆ ಅವರು ಎಲೆ ಹಾಕಿಕೊಂಡದ್ದನ್ನು ಯಾರೂ ನೋಡಲಿಲ್ಲ.

ಮದುವೆ ಔರಂಗಾಬಾದಿನಲ್ಲಿ ಆಯಿತು. ಕಲ್ಯಾಣಮಂಟಪದ ಕಿಟಕಿಯಿಂದ ನೋಡಿದರೆ ಆ ಮೈದಾನದ ಕಾಂಪೌಂಡು ಕಾಣುತ್ತಿತ್ತು. ಮದುಮಗನ ಪೇಟ ಬಿಗಿಯಾಗಿದ್ದರಿಂದ ಅವನು ಆ ಕಡೆ ತಿರುಗದಿರಲು ಒಳ್ಳೆಯ ಕಾರಣ ಸಿಕ್ಕಿತು. ಬೀಗರನ್ನು ಎದುರುಗೊಳ್ಳುವ ಹೊತ್ತಿಗೆ ಮನ್ಮಥಪ್ಪನವರು ಎರಡೂ ಕೈಯಲ್ಲಿ ಎಲೆ, ಅಡಿಕೆ, ಕಾಯಿ ಹಿಡಿದು ನಗುತ್ತ ವಿಶ್ವನಾಥಪ್ಪನವರ ಮುಂದೆ ನಿಂತರು.

ಅಪ್ಪ ಕೈ ಒಡ್ಡಲಿಲ್ಲ.

"ತಗೋರಿ ಬೀಗ್ರ," ಅಂದರು ಮನ್ಮಥಪ್ಪ.

ವಾದ್ಯದವರು ಬಾರಿಸುತ್ತಲೇ ಇದ್ದರು. ಹಿಂದಿದ್ದವರು ಏನಾಯಿತೆಂದು ಕತ್ತು ಚಾಚಿದರು. ಅಪ್ಪ ಒಮ್ಮೆ ಆ ಅಡಿಕೆಯನ್ನು ನೋಡಿದರು, ಆಮೇಲೆ ನಿಧಾನವಾಗಿ ತಿರುಗಿ ಮಗನ ಮುಖ ನೋಡಿದರು.

"ಪ್ರಭಾ," ಅಂದರು ಸಣ್ಣ ದನಿಯಲ್ಲಿ, ಸಾಹೇಬರ ಖೋಲಿಯ ಬಾಗಿಲಲ್ಲಿ ನಿಂತು ಕೇಳುವವರ ಹಾಗೆ. "ತಗೊಳ್ಳಲೇನು?"

ಬೀಗರೆಲ್ಲ ಇದು ತಮಾಷೆಯೆಂದು ಗೊಳ್ಳೆಂದು ನಕ್ಕರು. ದಿನಕ್ಕೆ ಎರಡು ಸಾವಿರ ಬಿಲ್ಲೆಗೆ ಹೌದು ಅಲ್ಲ ಎಂದು ಹೇಳುವವನು ಈಗ ಒಂದು ಅಡಿಕೆಗೆ ಹೌದೆನ್ನಬೇಕಾಯಿತು. ತಲೆಯಾಡಿಸಿದ. ಪೇಟ ಕಣ್ಣಿನ ಮೇಲೆ ಜಾರಿತು.

ಅಪ್ಪ ತೆಗೆದುಕೊಂಡರು. ಕಣ್ಣಿಗೆ ಒತ್ತಿಕೊಳ್ಳಲಿಲ್ಲ. ಅಕ್ಷತೆ ಬಿದ್ದಾಗಲೂ, ಊಟಕ್ಕೆ ಕೂತಾಗಲೂ ಅವರ ಎಡಗೈಯ ಮುಷ್ಟಿ ಆ ಅಡಿಕೆಯ ಮೇಲೆ ಮಡಚಿಯೇ ಇತ್ತು.